ಆತ್ರಿ ಅಂದವರು

ಇಂದೂರ, ಮುಂಡಗೋಡ ತಾಲೂಕು
ಶುಕ್ರವಾರ, ೨೧ ನವೆಂಬರ್ ೨೦೨೫

ಸಿಟ್ಟು ಮಾಡಿಕೊಂಡು ಕುಳಿತ ನನ್ನ ತಮ್ಮ ಉದಯಕುಮಾರನಿಗೆ ಅಕ್ಕನ ಆಶೀರ್ವಾದ.

ನಿನ್ನೆಯಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಶಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ದಾಂಡೇಲಿಗೆ ಕಳಿಸುತ್ತೇನೆ. ನಾಳೆ ನಿನ್ನ ರಿಸಾರ್ಟಿನಲ್ಲಿ ತಂತಿಗೆ ತೂಗಿಸಿ ಹೊಳೆ ದಾಟಿಸುವ ಜಿಪ್‌ಲೈನಿನ ಉದ್ಘಾಟನೆ. ಮೊದಲು ಹತ್ತಬೇಕಿದ್ದ ನಮ್ಮ ಶಾಲೆಯ ಮಕ್ಕಳನ್ನು ಕಳಿಸುವುದಿಲ್ಲ ಎಂದು ನಿನ್ನೆ ನಾನು ಅಂದೆ. ಯಾಕೆ ಎಂದೂ ಕೇಳದೆ ನೀನು ಫೋನ್ ಇಟ್ಟೆ.

"ಸರಕಾರಿ ಸಾಲ್ಯಾಗ ಒಂದ ಖುರ್ಚಿ ಸರಸಬೇಕಂದ್ರೂ ಮೀಟಿಂಗ್ ಬೇಕು" ಎಂದು ಸದಾ ನನ್ನನ್ನು ಆಡಿಕೊಳ್ಳುತ್ತೀ. ಸುಳ್ಳಲ್ಲ ಬಿಡು. ಹೋದ ವಾರ ಅಡುಗೆಯ ಶಿವವ್ವ ಎಲ್ಲರೆದುರು, "ಈ ಬ್ಯಾಳಿಗೆ ಹುಳ ಬಿದ್ದೈತ್ರಿ ಅಕ್ಕೋರ, ನಾ ಬೇಯಸೂದಿಲ್ಲ" ಅಂದಳು. ಮುಖ್ಯೋಪಾಧ್ಯಾಯಿನಿ ಅಂತ ಕುಳಿತ ನನಗೆ ಮೈ ಉರಿಯಿತು. ಆದರೆ ಮಕ್ಕಳು ಹುಳದ ಬೇಳೆ ತಿನ್ನಲಿಲ್ಲ. ನಾನೇನು ದೊಡ್ಡ ಮನಸ್ಸಿನವಳಲ್ಲ. ಯಾರನ್ನೂ ಕೆಲಸದಿಂದ ತೆಗೆಯುವ ಅಧಿಕಾರ ನನಗಿಲ್ಲ, ಹಾಗಾಗಿ ಇಲ್ಲಿಯವರಿಗೆ ಎದುರು ಹೇಳುವ ಬಾಯಿ ಇದೆ.

ನಿನ್ನಲ್ಲಿ ಬೆಳಿಗ್ಗೆ ಹೇಳಿದ ಕೆಲಸ ಸಂಜೆಗೆ ಮುಗಿಯುತ್ತದೆ. ಅದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆದರೆ "ಇಷ್ಟ ದಿನದಾಗ ಆಗೂದಿಲ್ರಿ" ಅಂದ ಮ್ಯಾನೇಜರ್ ಸಂಜೀವಕುಮಾರನನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದೆಯಲ್ಲ, ಅವತ್ತಿನಿಂದ ನಿನ್ನವರು ನಿನಗೆ ಒಂದೇ ಮಾತು ಹೇಳುತ್ತಾರೆ: "ಆತ್ರಿ."

ಮೊನ್ನೆ ಜಾಗ ನೋಡಲು ಬಂದಾಗ ನಾನು ಆಚೆ ದಡಕ್ಕೂ ಹೋಗಿದ್ದೆ. ನಿನ್ನ ಗೈಡ್ ಬಾಲು ಅಲ್ಲಿಯ ಕಂಬಕ್ಕೆ ಗೋಣಿಚೀಲ ಸುತ್ತುತ್ತಿದ್ದ. ಯಾಕೋ ಅಂದೆ. "ತಂತಿ ಹಿಡಿಯೂ ಕ್ಲಾಂಪ್ ಸೀಳೈತ್ರಿ. ಫೋಟೋದಾಗ ಕಾಣಬಾರದಂತ ಮುಚ್ಚಾಕತ್ತೇನಿ" ಅಂದ. ಸಾಹೇಬರಿಗೆ ಹೇಳಿಲ್ಲವೇ ಎಂದು ಗದರಿದೆ. "ಹೊಸಾದು ಹಾಕು ಅಂದ್ರು, ಆತ್ರಿ ಅಂದೆ. ಹುಬ್ಬಳ್ಳಿಯಿಂದ ಮಾಲ ಬರಲಿಲ್ಲ. ಅವರು ಹಾಕಿ ಆತು ಅಂತ ತಿಳಕೊಂಡ್ರು. ಈಗ ಇಲ್ಲ ಅಂತ ಹೆಂಗ ಹೇಳ್ಲಿರಿ?"

ನಮ್ಮ ಕಡೆ 'ಆತ್ರಿ' ಅಂದರೆ ಮುಗಿಯಿತು ಎಂದೂ ಆಗುತ್ತದೆ, ಮಾಡೋಣ ಎಂದೂ ಆಗುತ್ತದೆ. ಅದೇ ನೀರು ಕುಡಿದು ಬೆಳೆದವನು ನೀನು, ನಿನಗೆ ಗೊತ್ತಿಲ್ಲವೇ? ನಾನು ಶಾಲೆಯಲ್ಲಿ ತಿರುಗಿ ಕೇಳುತ್ತೇನೆ, ಆಗೇತೋ, ಆಗ್ತೈತೋ ಅಂತ. ನೀನು ಕೇಳುವುದಿಲ್ಲ.

ಬಾಲುವಿನ ಮೇಲೆ ಹರಿಹಾಯಬೇಡ. ಉದ್ಘಾಟನೆ ಮುಂದಕ್ಕೆ ಹಾಕು. ನಾಲ್ಕು ಜನ ನಕ್ಕರೆ ನಗಲಿ. ನನಗೆ ಹೆದರಿಕೆಯಾಗಿದೆ, ಉದಯ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ದಾನೇಶ್ವರಿ

ತಾ.ಕ.: ಇದನ್ನು ಮಡಿಸುವಷ್ಟರಲ್ಲಿ ನಿನ್ನ ಹೆಂಡತಿ ಫೋನ್ ಮಾಡಿದಳು. ಅತಿಥಿಗಳಿಗೆ ನಾಳೆ ಪುರುಸೊತ್ತಿಲ್ಲವೆಂದು ಉದ್ಘಾಟನೆ ಇವತ್ತೇ ಅಂತೆ. ನಮ್ಮ ಮಕ್ಕಳ ಬದಲಿಗೆ ನಿನ್ನ ಮಗಳು ನೀಲಾಂಬಿಕಾಳನ್ನೇ ಮೊದಲು ಹತ್ತಿಸುತ್ತೀಯಂತೆ. ಕ್ಲಾಂಪಿನ ಸಂಗತಿ ಹೇಳಿ, ಓಡಿ ಹೋಗಿ ತಡೆಯವ್ವಾ ಅಂದೆ. ಅವಳು ಅತ್ತಳು. "ಅವರಿಗೆ ಬ್ಯಾಡ ಅನ್ನಾಕ ನನಗ ಧೈರ್ಯ ಇಲ್ರಿ ಅಕ್ಕಾರ, ನೀವ ಹೇಳ್ರಿ" ಅಂದಳು. ಮೇಲೆ ಬರೆದುದೆಲ್ಲದರ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕಿದೆ. ಗಾಡಿ ಮಾಡಿಕೊಂಡು ನಾನೂ ಹೊರಟಿದ್ದೇನೆ. ಈ ಸಾಲುಗಳನ್ನು ಗಾಡಿಯಲ್ಲೇ ಬರೆಯುತ್ತಿದ್ದೇನೆ, ಹಳಿಯಾಳ ಬಂತು. ನೀನಿನ್ನೂ ಆ ಫೋಟೋ ತೆರೆದಿಲ್ಲ.