ಅಕ್ಕತಂಗಿಯರಾಗಿ ಕಳೆದ ಮಧುಚಂದ್ರ

ಮಾರ್ಚ್ ೨೧, ಶುಕ್ರವಾರ. ಬಾರಾಂಕಿಯಾ.

ಕಾರ್ನಿವಾಲ್ ಹಬ್ಬ ಮುಗಿದ ಮೇಲೆ ಒಬ್ಬರನ್ನೊಬ್ಬರು ಮದುವೆಯಾದ ಹುಡುಗಿಯರಿಬ್ಬರು, ಯಾಮಿಲೆ ಮತ್ತು ಮಾರ್ಲೆನಿ, ನಾನು ಆರಿಸಿಕೊಟ್ಟ ದ್ವೀಪದಲ್ಲಿ ಮಧುಚಂದ್ರ ಮುಗಿಸಿ ಬಂದು, ಇವತ್ತು ನನ್ನ ಪ್ರವಾಸದ ಕಚೇರಿಗೆ ತೆಂಗಿನ ಮಿಠಾಯಿ ತಂದಿದ್ದರು. ಬೈದಿದ್ದರೆ ಚೆನ್ನಾಗಿತ್ತು.

“ದ್ವೀಪದಲ್ಲಿ ಕಳ್ಳರ ಭಯವೇ ಇಲ್ಲ ಸೆನ್ಯೋರಾ, ನೀವು ಹೇಳಿದ ಹಾಗೇ,” ಎಂದಳು ಯಾಮಿಲೆ. “ಆದ್ರೆ ಹೋಟೆಲಿನವನು ‘ನೀವಿಬ್ರೂ ಒಬ್ರಿಗೊಬ್ರು ಏನಾಗ್ಬೇಕು’ ಅಂದ. ಹೆದರಿ ಅಕ್ಕ-ತಂಗಿ ಅಂದ್ಬಿಟ್ವಿ. ಎಂಟು ದಿನ ಕೈ ಹಿಡೀಲಿಲ್ಲ.”

“ಅದರಲ್ಲೂ ನಾನೇ ಅಕ್ಕ ಅಂತೆ! ಇವಳ ಮುಖ ನೋಡಿ, ನನ್ನ ಮುಖ ನೋಡಿ!” ಎಂದು ಮಾರ್ಲೆನಿ ನಗಿಸಿದಳು.

ಅಲ್ಲಿಯ ಜನ ಇಂಥ ಜೋಡಿಯನ್ನು ಸಹಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ಇವರು ಕೇಳಿದ್ದು ಸುರಕ್ಷಿತವಾದ ಊರನ್ನು; ಕಳ್ಳರಿಲ್ಲ ಎಂದಷ್ಟೇ ಹೇಳಿದ್ದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ನನ್ನ ಹಳೆಯ ಜಾಣತನ.

“ಮುಂದಿನ ವರ್ಷವೂ ನೀವೇ ಊರು ಆರಿಸಿಕೊಡಿ,” ಎಂದು ಎದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊರಬಿದ್ದದ್ದು ಹೊಸ ಪ್ರವಾಸಗಳ ಪಟ್ಟಿ.