ಪೈಲ್ವಾನರ ಪಾಲಿನ ತುಪ್ಪ

ತುಕ್ಕಾನಟ್ಟಿ
೯ ಮಾರ್ಚ್ ೨೦೨೫, ರವಿವಾರ

ನಮ್ಮ ಭಾಗ್ಯಾಳ ಅಪ್ಪನವರಿಗೆ ಸರಿತಾಳ ನಮಸ್ಕಾರಗಳು.

ಮೊದಲು ನಿಮ್ಮ ಮೈಯ ಸುದ್ದಿ ತಿಳಿಸಿ. ಎಡಭುಜದ ನೋವು ಇಳಿಯಿತೇ? ಕೊಲ್ಲಾಪುರದ ಕುಸ್ತಿ ತಾಲೀಮಿನಲ್ಲಿ ಉಸ್ತಾದರು ಫೋನು ಕಸಿದಿಟ್ಟುಕೊಳ್ಳುತ್ತಾರೆಂದು ಈ ಕಾಲದಲ್ಲಿ ಗಂಡನಿಗೆ ಕಾಗದ ಬರೆಯುವವಳು ಊರಿಗೆ ನಾನೊಬ್ಬಳೇ ಇರಬೇಕು. ಇಲ್ಲಿ ಅತ್ತೆಯವರು ಗಟ್ಟಿಯಾಗಿದ್ದಾರೆ. ಭಾಗ್ಯಾಳ ಮುಂದಿನ ಹಲ್ಲು ಬಿದ್ದಿದೆ. ನೀವು ಬಂದಾಗ ಮಗಳ ಗುರುತು ಸಿಗಲಿಕ್ಕಿಲ್ಲ. ಎಮ್ಮೆ ಚೆನ್ನಾಗಿದೆ. ಎಮ್ಮೆಯ ಸುದ್ದಿಯನ್ನು ನೀವು ಕೇಳಿಯೇ ಕೇಳುತ್ತೀರಿ, ಅದಕ್ಕೇ ಬರೆದೆ.

ಈಗ ನನ್ನ ಸುದ್ದಿ. ನಾನು ಒಬ್ಬ ಆಟಗಾರನಿಗೆ ಮನಸೋತಿದ್ದೇನೆ. ಹೌಹಾರಬೇಡಿ, ಅವನು ಕಾಗದದವನು. ಗೋಕಾಕದ ಕಾಲೇಜಿಗೆ ಹೋಗುವ ನಿಮ್ಮ ಅಕ್ಕನ ಮಗಳು ಕಾಜಲ್ ತಂದುಕೊಟ್ಟ ಕಾದಂಬರಿಯಲ್ಲಿರುತ್ತಾನೆ. ಹೆಸರು ವಿಶಾಲ, ಆಡುವುದು ಕಬಡ್ಡಿ. ಎದುರಾಳಿಗಳ ಅಂಗಳಕ್ಕೆ ನುಗ್ಗುವ ಮೊದಲು ಪ್ರತಿ ಸಲವೂ ಜನರ ನಡುವೆ ಅವಳನ್ನು ಹುಡುಕುತ್ತಾನೆ. ಅವಳೆಂದರೆ ಕೇದಾರಿ, ಅವನ ಮೊಣಕಾಲಿಗೆ ಪಟ್ಟಿ ಕಟ್ಟುವ ಹುಡುಗಿ. ಖರೆ ಹೇಳಬೇಕೆಂದರೆ ಅವನಿಗಿಂತ ಅವಳೇ ನನಗೆ ಹೆಚ್ಚು ಹಿಡಿಸಿದಳು. ಇಡೀ ತಂಡದ ಮುಂದೆ ಅವನನ್ನು ಬೈಯುತ್ತಾಳೆ, ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾನೆ! ಅವನು ಸೋತು ಬಂದು ಮೆಟ್ಟಿಲ ಮೇಲೆ ಅವಳ ಬಾಜೂ ಕೂತ ಪುಟ ಓದುವಾಗ ನಿಮ್ಮ ಹಾಲು ಉಕ್ಕಿ ಒಲೆಯ ಪಾಲಾಯಿತು. "ಪೈಲ್ವಾನನ ಹಾಲ ಉಕ್ಕಿಸಿದ್ಯಲ್ಲ, ಯಾವ ಲೋಕದಾಗ ಅದಿ?" ಎಂದು ಅತ್ತೆ ಕೂಗಾಡಿದರು. ನೀವು ಊರಲ್ಲಿಲ್ಲದಿದ್ದರೂ ಅದು ನಿಮ್ಮದೇ ಹಾಲು. ಮೊಸರಾಗಿ, ಬೆಣ್ಣೆಯಾಗಿ, ತುಪ್ಪವಾಗಿ ಡಬ್ಬಿ ಸೇರಿ ಕೊಲ್ಲಾಪುರದ ಬಸ್ಸು ಹತ್ತುತ್ತದೆ. ಭಾಗ್ಯಾ ಬೆರಳು ಅದ್ದಿ ನೆಕ್ಕಿದರೂ ಅತ್ತೆಯ ಕಣ್ಣು ಕೆಂಪಾಗುತ್ತದೆ.

ಆ ಪುಸ್ತಕದ ಹುಚ್ಚಿನಲ್ಲೇ ಕಳೆದ ವಾರ ನಾನು ನಿಮ್ಮ ಕುಸ್ತಿ ನೋಡಲು ಹುಕ್ಕೇರಿಗೆ ಬಂದದ್ದು. "ಕುಸ್ತಿ ಕಣದಾಗ ಹೆಂಗಸರಿಗೇನ ಕೆಲಸ?" ಎಂದು ನೀವು ಹೇಳುತ್ತಲೇ ಬಂದಿರಿ, ನಾನು ಕೇಳುತ್ತಲೇ ಬಂದೆ. ಇಷ್ಟು ವರ್ಷ ತುಪ್ಪ ಕಾಯಿಸಿದವಳು ಆ ತುಪ್ಪ ಏನಾಯಿತೆಂದು ಒಮ್ಮೆ ನೋಡಬಾರದೇ? ಕಾಜಲ್ ಜೊತೆ ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ನಿಂತೆ. ನೀವು ಎದುರಾಳಿಯನ್ನು ಚಿತ್ ಮಾಡಿದಾಗ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಎಷ್ಟು ಚಂದ ಕಂಡಿರಿ, ಮೈತುಂಬ ಕೆಂಪು ಮಣ್ಣು! ಕೈ ಎತ್ತಿಸಿಕೊಂಡು ಸುತ್ತು ಬರುತ್ತ ನಮ್ಮ ಟ್ರಾಲಿಯ ಹತ್ತಿರವೇ ಬಂದಿರಿ. ನನ್ನನ್ನು ನೋಡಿದಿರಿ. ನೋಡಿ, ಮುಖ ತಿರುಗಿಸಿದಿರಿ. ಸ್ವಲ್ಪ ಹೊತ್ತಿಗೆ ನಿಮ್ಮ ಗೆಳೆಯ ಶಿವಾನಂದ ಬಂದು ನೆಲ ನೋಡುತ್ತ, "ವೈನಿ, ನೀವು ಮನಿಗೆ ಹೋಗಬೇಕಂತ್ರಿ" ಎಂದ. ಸುತ್ತಲಿನವರೆಲ್ಲ ನನ್ನತ್ತ ತಿರುಗಿದರು. ಕಾಜಲ್ ಅತ್ತಳು. ನಾನು ಅಳಲಿಲ್ಲ, ಅವಳ ಕೈ ಹಿಡಿದು ಟ್ರಾಲಿಯಿಂದ ಇಳಿದೆ. ನೀವು ಮನೆಗೂ ಬರದೆ ಅಲ್ಲಿಂದಲೇ ಕೊಲ್ಲಾಪುರಕ್ಕೆ ಹೋದಿರಿ.

ಕಾದಂಬರಿಯವರು ಸುಳ್ಳು ಬರೆಯುತ್ತಾರೆ, ನನಗೂ ಗೊತ್ತು. ವಿಶಾಲನಿಗೆ ತುಪ್ಪ ಕಾಯಿಸುವವರು ಯಾರೆಂದು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಎಲ್ಲರೆದುರು ನನ್ನ ಹೆಸರು ಹಿಡಿದು ಕೂಗಿ ಎಂದು ನಾನು ಕೇಳಿದ್ದೆನೇ? ಗೆದ್ದ ಮುಖವನ್ನು ಒಂದು ಗಳಿಗೆ ನನ್ನ ಕಡೆ ಹಿಡಿದಿದ್ದರೆ ಸಾಕಿತ್ತು.

ಉಸ್ತಾದರಿಗೆ ನಮಸ್ಕಾರ ತಿಳಿಸಿ. ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳಿ.

ಇಂತಿ,
ಸರಿತಾ

ತಾ.ಕ.: ಈ ಕಾಗದದ ಜೊತೆ ಮೂಡಲಗಿಯಿಂದ ಬಸ್ಸಿಗೆ ಹಾಕುತ್ತಿರುವ ಡಬ್ಬಿ ಹಗುರವೆನಿಸಿದರೆ ಕಂಡಕ್ಟರನನ್ನು ಬೈಯಬೇಡಿ. ಅದರಲ್ಲಿರುವುದು ಆ ಪುಸ್ತಕ. ತುಪ್ಪವನ್ನು ಬಿಸಿ ರೊಟ್ಟಿಯ ಮೇಲೆ ಸುರಿದುಕೊಂಡು ನಾನೂ ಭಾಗ್ಯಾಳೂ ಉಂಡೆವು. ಅತ್ತೆಯೂ ಬೈಯುತ್ತಲೇ ಒಂದು ಚಮಚ ಹಾಕಿಸಿಕೊಂಡರು. ಇನ್ನು ಮೇಲೆ ತುಪ್ಪ ಬಸ್ಸು ಹತ್ತುವುದಿಲ್ಲ. ಬೇಕಾದರೆ ಮನೆಗೆ ಬಂದು, ನನ್ನ ಮುಖ ನೋಡಿಕೊಂಡು ಉಣ್ಣಿ.