ಹೊನ್ನೆಯ ಲೋಟ

೪ ಮಾರ್ಚ್ ೧೯೫೫, ಬೆಳಿಗ್ಗೆ

ಇನ್ಸುಲಿನ್ ಸೂಜಿ ಕುದಿಸಿಟ್ಟೆ, ಚುಚ್ಚಿಕೊಳ್ಳುವುದು ನನ್ನ ಗಂಡನೇ. ನಳಿಗೆಯಲ್ಲಿ ನೀಲಿ ದ್ರಾವಣ, ಅವರ ಮೂತ್ರದ ಎಂಟು ಹನಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಮತ್ತೆ ಇಟ್ಟಂಗಿ ಕೆಂಪು, ಅಂದರೆ ಸಕ್ಕರೆ ತುಂಬ ಇದೆ. ಹತ್ತು ದಿನದಿಂದ ಇದೇ ಬಣ್ಣ. ಎದ್ದ ಕೂಡಲೇ ಎರಡು ತಂಬಿಗೆ ನೀರು ಕುಡಿದರು. ಆಮೇಲೂ ತುಟಿ ಒಣಗಿಯೇ ಇತ್ತು.

ಇವತ್ತಿನಿಂದ ಮಾಳಿಗೆ ಕೆಡವುವ ಕೆಲಸ. ಹಳೆಯ ಮಣ್ಣಿನ ಚಾವಣಿ ತೆಗೆದು ಸ್ಲ್ಯಾಬ್ ಹಾಕುತ್ತಾರೆ. ಮೇಲಿನ ಕೋಣೆಯ ಬೀಗ ತೆಗೆದದ್ದನ್ನು ಒಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನೋಡಿದೆ. ಒಳಗೆ ಏನೂ ಇಲ್ಲ. ಬರೀ ಧೂಳು. ಅವರ ಮೊದಲ ಹೆಂಡತಿ ಸುಮಿತ್ರಾಬಾಯಿ ತೀರಿಕೊಂಡ ಕೋಣೆ ಅದು. ವಿಷಮಜ್ವರ ಬಂದಿತ್ತಂತೆ, ನಲವತ್ತೊಂದನೇ ಇಸವಿಯಲ್ಲಿ. ನನಗೆ ಹೇಳಿದ್ದು ಅಷ್ಟೇ.

೭ ಮಾರ್ಚ್

ಬಡಿಗ ಅಮೋಗಸಿದ್ಧ ಕುಂಭಾರಿಯಿಂದ ಸೈಕಲ್ ಮೇಲೆ ಬರುತ್ತಾನೆ. ಮಾತು ಕಡಿಮೆ. ಕಟ್ಟಿಗೆ ಕಂಡರೆ ಮಾತ್ರ ಬಾಯಿ ಬಿಡುತ್ತಾನೆ. ಇವತ್ತು ಮೇಲಿನ ಕೋಣೆಯ ಹೊಸ್ತಿಲು ಕಿತ್ತು ಅಂಗಳಕ್ಕೆ ತಂದ. ಒಂದು ಗೇಣು ಅಗಲ, ಆರು ಬೆರಳು ದಪ್ಪ.

"ಬಾಗಿಲಾ ಸಾಗವಾನಿ, ಚೌಕಟ್ಟೂ ಸಾಗವಾನಿ. ಇದೊಂದ ಹೊನ್ನಿ ಅದ ನೋಡ್ರಿ ಬಾಯಿ. ಬಿಬ್ಲಾ ಅಂತಾರಲ್ಲ, ಅದು."

ಕೀಸುಳಿ ಹೊಡೆದು ತೋರಿಸಿದ. ಅರಿಶಿನ ಕಂದು ಬಣ್ಣ. ಬೆವರಿದ ಅಂಗೈಗೆ ಹಳದಿ ಹತ್ತಿತು. ದಾಂಡೇಲಿ ಅಡವಿಯಲ್ಲಿ ಮೂರು ವರ್ಷ ಮರ ಕಡಿದಿದ್ದಾನಂತೆ. ಹಸಿ ಹೊನ್ನೆಗೆ ಕೊಡಲಿ ಬಿದ್ದರೆ ಕೆಂಪು ಅಂಟು ಸುರಿಯುತ್ತದೆ, ಥೇಟ್ ನೆತ್ತರು. ಹೊಸಬರು ಕೊಡಲಿ ಬಿಟ್ಟು ಓಡುತ್ತಾರೆ. ಒಣಗಿದ ಮೇಲೆ ಗಾಜಿನ ಚೂರಿನ ಹಾಗೆ ಆಗುತ್ತದೆ. ಭೇದಿಗೆ ಔಷಧಿ, ಬಟ್ಟೆಗೆ ಬಣ್ಣ.

"ಸಾಹುಕಾರ್ರಿಗೆ ಸಕ್ಕರಿ ರೋಗ ಅಲ್ರೀ? ಇದರದ ಲೋಟಾ ಮಾಡಿ ರಾತ್ರಿ ನೀರ ಹಾಕಿಡ್ರಿ, ಮುಂಜಾನೆ ಕುಡೀಲಿ. ನಮ್ಮ ಕಡೆ ಭಾಳ ಮಂದಿ ಕುಡೀತಾರ."

ಹೊಸ್ತಿಲ ಒಳಮೈ ತುಂಬ ಗೀರು. ಅವನು ಬೆರಳಾಡಿಸಿ ನೋಡಿದ. "ಇಲಿ ಕೆರದದ್ದಲ್ಲ ಇದು" ಎಂದ. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಗುರುಲಿಂಗಮ್ಮ ಮೊರ ಅಲ್ಲೇ ಬಿಟ್ಟು ಒಳಗೆ ಹೋದರು. ಅವರು ನನ್ನ ಗಂಡನ ಸೋದರತ್ತೆ, ವಿಧವೆ. ಈ ಮನೆಯಲ್ಲೇ ಮುಪ್ಪಾದವರು.

ಸಂಜೆ ಇವರು ಚಾದರದ ಅಂಗಡಿಯಿಂದ ಬಂದಾಗ ಲೋಟ ಮಾಡಿಸಲೇ ಎಂದು ಕೇಳಿದೆ. ಹೊಸ್ತಿಲ ಗೀರಿನ ಮೇಲೆ ಅಂಗೈ ಇಟ್ಟರು.

"ಮಾಡ್ಲಿ" ಎಂದರು.

೧೨ ಮಾರ್ಚ್

ನಿನ್ನೆ ಲೋಟ ಬಂತು. ಅಮೋಗಸಿದ್ಧ ಅಕ್ಕಲಕೋಟೆಗೆ ಹೋಗಿ, ತಿರುಗಣಿ ಇದ್ದವನ ಹತ್ತಿರ ಕಡೆಸಿ ತಂದಿದ್ದಾನೆ. ಕೆಲಸ ಚೆನ್ನಾಗಿದೆ. ಸಂಜೆ ನೀರು ತುಂಬಿಟ್ಟೆ. ಇವತ್ತು ಬೆಳಿಗ್ಗೆ ಚಹಾದ ಬಣ್ಣ. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳಪು, ನವಿಲಿನ ಕುತ್ತಿಗೆಯ ಹಾಗೆ. ಕಂದು ನೀರಿನಲ್ಲಿ ಆ ನೀಲಿ ಎಲ್ಲಿಂದ ಬಂತು? ಇವರು ಕಣ್ಣು ಮುಚ್ಚಿ ಕುಡಿದರು.

೨೦ ಮಾರ್ಚ್

ನಳಿಗೆಯಲ್ಲಿ ಹಳದಿ! ಕೆಂಪು ಹೋಯಿತು. ಸೂಜಿ, ಪಥ್ಯ, ಲೋಟ — ಯಾವುದರ ಗುಣವೋ. ಏನೇ ಆಗಲಿ.

ಒಂದು ವಿಚಿತ್ರ. ದೀಪ ಹಚ್ಚುವ ಹೊತ್ತಿಗೆ ಕಂಠದ ತನಕ ತುಂಬಿಸಿ ತಟ್ಟೆ ಮುಚ್ಚಿಡುತ್ತೇನೆ. ಬೆಳಿಗ್ಗೆ ಎರಡು ಬೆರಳು ಕಡಿಮೆ. ಕೆಳಗೆ ಹಲಗೆ ಒಣ, ಹೊರಮೈಯೂ ಒಣ. "ಹೊಸಾ ಕಟ್ಟಿಗಿ ನಾಕ ದಿನ ನೀರ ಕುಡೀತದ, ಆಮ್ಯಾಲ ನಿಲ್ಲಸ್ತದ" ಎಂದ ಅಮೋಗಸಿದ್ಧ. ಎಂಟು ದಿನವಾಯಿತು. ನಿಲ್ಲಿಸಿಲ್ಲ.

೨ ಏಪ್ರಿಲ್

ನಳಿಗೆ ಹಸಿರು. ಲೋಟದ ನೀರು ಈಗ ಅರ್ಧಕ್ಕೆ ಇಳಿಯುತ್ತದೆ.

ಸೂಜಿ ಸಾಕು ಎನ್ನುತ್ತಿದ್ದಾರೆ ಇವರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. "ಮರದ ನೀರು ಕುಡೀರಿ, ಬ್ಯಾಡ ಅನ್ನಂಗಿಲ್ಲ. ಸೂಜಿ ಬಿಟ್ರ ಮಾತ್ರ ನನ್ನ ಕಡೆ ಬರಬ್ಯಾಡ್ರಿ" ಎಂದರು. ಇವರು ತಲೆಯಾಡಿಸಿದರು. ಮನೆಗೆ ಬಂದು ಸಿರಿಂಜಿನ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡರು. ಕೀಲಿ ಶಿವದಾರದ ಹಾಗೆ ಕೊರಳಲ್ಲಿ! ನಗಬೇಕೋ ಅಳಬೇಕೋ.

ಬೆಳಿಗ್ಗೆ ಅವರು ಲೋಟದ ಮುಂದೆ ಕೂತು ಮೆಲ್ಲಗೆ ಮಾತಾಡುವುದು ಕಿವಿಗೆ ಬಿತ್ತು. "ಮೊದಲ ನೀ ಕುಡಿ. ಉಳದದ್ದ ನನಗಿರಲಿ."

೩ ಏಪ್ರಿಲ್, ಮಧ್ಯಾಹ್ನ

ಇವರು ಅಂಗಡಿಗೆ ಹೋದ ಮೇಲೆ ಗುರುಲಿಂಗಮ್ಮನ ಎದುರು ಕೂತೆ. ಮೇಲಿನ ಕೋಣೆಯಲ್ಲಿ ಏನಾಯಿತು ಎಂದು ಹೇಳುವ ತನಕ ಏಳುವುದಿಲ್ಲ ಎಂದೆ. ಒಲೆಯ ಕಡೆ ಮುಖ ಮಾಡಿ ಹೇಳಿದರು.

"ಸುಮಿತ್ರಾಗ ಜ್ವರ ಬಂದು ಹನ್ನೆರಡ ದಿನ. ಜ್ವರದಾಗ ಹನಿ ನೀರ ಕೊಟ್ರೂ ಸಾಯ್ತಾಳ ಅಂದ ವೈದ್ಯ. ಅಕಿ ಎದ್ದ ಬಚ್ಚಲಕ್ಕ ಓಡತಿದ್ಳು, ನೀರ ಸಲುವಾಗಿ. ಅದಕ್ಕ ನಿನ್ನ ಗಂಡ ಶಾಂತಪ್ಪ ಮ್ಯಾಲ ಇಟ್ಟ ಕೀಲಿ ಹಾಕಿದ. ಎರಡ ದಿನ ಬಾಗಿಲ ಸಂದ್ಯಾಗ ಬಾಯಿ ಇಟ್ಟ ನೀರ ನೀರ ಅಂತ... ಹೊಸ್ತಿಲಾ ಕೆರದ ಉಗರ ಕಿತ್ತಿದ್ವು ತಂಗಿ."

"ನೀವು?"

"ನಾ ತಂಬಿಗಿ ತುಂಬಕೊಂಡ ಮ್ಯಾಲ ಹೋದೆ. ಕೀಲಿ ನನ್ನ ಕಡೆ ಇರಲಿಲ್ಲ. ಸಂದ್ಯಾಗರ ಸುರೀಬೇಕಿತ್ತು. ಸುರೀಲಿಲ್ಲ. ವೈದ್ಯ ಬ್ಯಾಡ ಅಂದಿದ್ನಲ್ಲ."

ಆ ತಂಬಿಗೆ ಈಗಲೂ ಅಡುಗೆ ಮನೆಯಲ್ಲಿದೆ. ಯಾವುದು ಅಂತ ಕೇಳಲಿಲ್ಲ.

೧೯ ಏಪ್ರಿಲ್

ಎಷ್ಟೋ ದಿನ ಬರೆದಿಲ್ಲ. ಇವರ ಜೊತೆ ಆಸ್ಪತ್ರೆಯಲ್ಲಿದ್ದೆ.

ಸೂಜಿ ಬಿಟ್ಟು ಎಂಟನೇ ದಿನ ಬಿದ್ದರು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಕೀಲಿಯನ್ನು ಕೊರಳಿನಿಂದ ನಾನೇ ಹರಿದುಕೊಂಡೆ. ಆದರೆ ಸೂಜಿ ಚುಚ್ಚಲು ಕೈ ಬರಲಿಲ್ಲ. ಟಾಂಗಾದಲ್ಲಿ ಹಾಕಿಕೊಂಡು ಹೋದೆ. ಇನ್ಸುಲಿನ್, ಸಲೈನ್. ವಾಂತಿ ನಿಲ್ಲುವ ತನಕ ಬಾಯಿಗೆ ನೀರು ಕೊಡಬೇಡಿ ಎಂದರು ಡಾಕ್ಟರ್. ಒಂದು ದಿನವಿಡೀ ನನ್ನ ಸೆರಗು ಹಿಡಿದು ನೀರು ಕೇಳಿದರು. ಹಸಿ ಬಟ್ಟೆಯಿಂದ ತುಟಿ ಒರೆಸಿದೆ. ಅಷ್ಟೇ. ಬದುಕಿದರು.

ನಿನ್ನೆ ಎಚ್ಚರವಾಗಿ ಮಲಗಿದ್ದಾಗ ಅವರೇ ಹೇಳಿದರು. ನಾನು ಕೇಳಿರಲಿಲ್ಲ.

"ವೈದ್ಯ ಮರುದಿನಾ ಬಂದಿದ್ದ ಲೀಲಾ. ಇನ್ನ ಹ್ವಾದ ಜೀವಾ, ಒಂದೀಟ ನೀರ ಕೊಡ್ರಿ ಅಂದ. ಮ್ಯಾಲ ಏರಿ ಹೋದೆ. ಬಾಗಿಲ ಮುಂದ ನಿಂತೆ. ಅಕಿ ನನ್ನ ಹೆಸರ ಹಿಡದ ಕರದ್ಳು. ಆ ದನಿ... ನನಗ ಹೆದರಿಕಿ ಆತು. ಕೀಲಿ ಕಿಸೇದಾಗ ಇಟಗೊಂಡ ಅಂಗಡಿಗೆ ಹೋದೆ."

ಕೈ ಹಿಡಿಯಲು ಬಂದರು. ಹಿಡಿಯಗೊಡಲಿಲ್ಲ.

೨೩ ಏಪ್ರಿಲ್

ಮನೆಗೆ ಬಂದೆವು. ಲೋಟ ಬಿರುಕು ಬಿಟ್ಟಿದೆ. ಇಷ್ಟು ದಿನ ಅದಕ್ಕೆ ಯಾರೂ ನೀರು ಹಾಕಿರಲಿಲ್ಲ. ಬಿಸಿಲಿಗೆ ಒಣಗಿ ಬಿರಿದಿರಬೇಕು. ಆದರೆ ಬಿರುಕಿನ ಉದ್ದಕ್ಕೂ ಕೆಂಪು ಅಂಟು, ಒದ್ದೆ. ಅಮೋಗಸಿದ್ಧನಿಗೆ ತೋರಿಸಿದೆ. ಬೆರಳಿಗೆ ಹಚ್ಚಿಕೊಂಡು ಮೂಸಿದ. ಆಮೇಲೆ ಧೋತರಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡ.

"ಹೊನ್ನಿ ಅಂಟೇ ಅದ. ಖರೆ ಇದು ಹಸೀ ಮರದಾಗ ಹರಿಯೂದು. ನೂರ ವರ್ಷದ ಒಣಾ ಕಟ್ಟಿಗ್ಯಾಗ ಎಲ್ಲಿಂದ ಬರಬೇಕ್ರಿ?"

ಒಯ್ದು ಸುಟ್ಟುಬಿಡು ಎಂದೆ. ಮುಟ್ಟಲಿಲ್ಲ. ನಾನೇ ಒಯ್ದು ಹಿತ್ತಲಲ್ಲಿ ಹುಗಿದೆ. ಮೇಲೆ ಒಂದು ಕೊಡ ನೀರು ಹಾಕಿದೆ. ಯಾಕೆ ಹಾಕಿದೆ ಅಂತ ಗೊತ್ತಿಲ್ಲ. ಮಣ್ಣು ಸದ್ದು ಮಾಡಿ ಕುಡಿಯಿತು.

೩೦ ಏಪ್ರಿಲ್

ಮೇಲಿನ ಕೋಣೆ ಮುಗಿಯಿತು. ಸ್ಲ್ಯಾಬ್, ಸುಣ್ಣ, ಹೊಸ ಬಾಗಿಲು. ಹೊಸ್ತಿಲು ಬೇಡ ಎಂದರು ಇವರು. ಬಾಗಿಲ ಕೆಳಗೆ ಎರಡು ಬೆರಳು ಸಂದು ಉಳಿದಿದೆ. ಇನ್ನು ಮೇಲೆ ಅಲ್ಲೇ ಮಲಗುತ್ತಾರಂತೆ. ಗುರುಲಿಂಗಮ್ಮ ಕಾಲು ಹಿಡಿದರೂ ಕೇಳಲಿಲ್ಲ. ದಿನಾ ಎರಡು ಹೊತ್ತು ನಾನೇ ಸೂಜಿ ಕೊಡುತ್ತೇನೆ. ಕೈ ಕಲಿತಿದೆ. ಇವರೊಡನೆ ಮಾತು ಮಾತ್ರ ಇನ್ನೂ ಬಂದಿಲ್ಲ.

೫ ಮೇ, ಮಧ್ಯಾಹ್ನ ಮೂರೂವರೆ

ಬಾಗಿಲು ತೆರೆಯುತ್ತಿಲ್ಲ. ಊಟ ಮಾಡಿ ಮಲಗಿದ್ದರು. ಮೂರು ಗಂಟೆಗೆ "ಲೀಲಾ, ನೀರ ತಾ" ಎಂದು ಕೂಗಿದರು. ತಂಬಿಗೆ ತಂದು ಬಾಗಿಲು ನೂಕಿದೆ. ಒಳಗಿನಿಂದ ಚಿಲಕ.

"ಚಿಲಕ ತೆಗೀರಿ" ಎಂದೆ.

"ನಾ ಹಾಕಿಲ್ಲ" ಎಂದರು. ಮಂಚದ ಮೇಲಿನಿಂದಲೇ. ಎದ್ದು ಬರಲು ಆಗುತ್ತಿಲ್ಲವಂತೆ. ಕಾಲಿನ ಮೇಲೆ ಯಾರೋ ಕೂತ ಹಾಗಿದೆಯಂತೆ.

ಗುರುಲಿಂಗಮ್ಮ ಅಮೋಗಸಿದ್ಧನನ್ನು ಕರೆಯಲು ಓಡಿದ್ದಾರೆ. ಜಕಾತಿ ನಾಕಾ ಹತ್ತಿರ ಕೆಲಸದಲ್ಲಿದ್ದಾನೆ. ನಾನು ಮೆಟ್ಟಿಲ ಮೇಲೆ ಕೂತಿದ್ದೇನೆ. ಅವನು ಬರುವ ತನಕ ಬರೆಯುತ್ತೇನೆ.

ಮೂರು ನಲವತ್ತು

ಮತ್ತೆ ಕೇಳಿದರು. "ನೀರ." ದನಿ ಸಣ್ಣದಾಗಿದೆ. ಆಮೇಲೆ ಇನ್ನೊಮ್ಮೆ "ನೀರ" — ಅದು ಮಂಚದ ಕಡೆಯಿಂದ ಬರಲಿಲ್ಲ. ಕೆಳಗಿನಿಂದ. ಸಂದಿಯ ಹತ್ತಿರದಿಂದ.

ಮೂರು ಐವತ್ತು

ಸುರಿದೆ. ತಂಬಿಗೆ ಬಗ್ಗಿಸಿ ಸಂದಿಯಲ್ಲಿ ಮೆಲ್ಲಗೆ ಸುರಿದೆ. ನೀರು ಒಳಗೆ ಹೋಯಿತು. ಹರಡಿದ ಸದ್ದು ಬರಲಿಲ್ಲ. ಗುಟುಕು. ಮತ್ತೊಂದು ಗುಟುಕು. ಯಾರಿಗೂ ಅವಸರವಿಲ್ಲದ ಹಾಗೆ. ತಂಬಿಗೆ ಖಾಲಿಯಾಯಿತು.

"ಲೀಲಾ," ಒಳಗಿನಿಂದ ಇವರು ಕೇಳಿದರು. "ಯಾರಿಗೆ ಕುಡಸಾಕತ್ತಿ?"

"ಸುಮಿತ್ರಾಬಾಯಿಗೆ" ಎಂದೆ. ನನ್ನ ಬಾಯಿಂದ ಹೇಗೆ ಬಂತೋ.

ಒಳಗೆ ಅಳುತ್ತಿದ್ದಾರೆ. ಇಂಥ ಅಳುವನ್ನು ಈ ಮನುಷ್ಯನ ಬಾಯಿಂದ ಎಂದೂ ಕೇಳಿಲ್ಲ. ಕೆಳಗೆ ಹೋಗಿ ಕೊಡವನ್ನೇ ಹೊತ್ತು ತಂದೆ. ಎರಡನೆಯ ತಂಬಿಗೆಯೂ ಮುಗಿಯಿತು. ಮೂರನೆಯದು ಅರ್ಧಕ್ಕೆ ನಿಂತಿತು. ಮಿಕ್ಕ ನೀರು ಹೊರಗೆ ನನ್ನ ಕಾಲ ಕಡೆಗೇ ಹರಿದು ಬಂತು. ತಣ್ಣಗಿದೆ.

ಈಗ ಚಿಲಕ ಸರಿದ ಸದ್ದು. ಬಾಗಿಲು ಒಂದು ಬೆರಳಷ್ಟು ತೆರೆದಿದೆ. ಇವರು ಇನ್ನೂ ಮಂಚದ ಮೇಲಿನಿಂದಲೇ ಅಳುತ್ತಿದ್ದಾರೆ, ಹಾಗಾದರೆ ಚಿಲಕ ತೆಗೆದದ್ದು —